ಅಸಲಿ ಯಾವುದು, ಬೆಲೆ ಯಾವುದರದು?

ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಪಯಣಿಸಿದವರಿಗೆ ಕೆಂಗಲ್ ಅಪರಿಚಿತ ಊರಲ್ಲ. ರಾಮನಗರ ದಾಟಿ ಚನ್ನಪಟ್ಟಣ ತಲುಪುವ ಮುನ್ನ ಸಿಗುವ ಈ ಊರಿನ ಹೆಸರಿನಲ್ಲೇ ಕೆಂಪು ಕಲ್ಲು ಅಡಗಿದೆ. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಬಹಳಷ್ಟು ವಾಹನಗಳು ಈ ಊರುಗಳನ್ನು ಬದಿಗಿರಿಸಿ ಧಾವಿಸುತ್ತವೆ. ಹಳೆಯ ದಾರಿ ಹಿಡಿದವರು ಇಂದಿಗೂ ಬಣ್ಣದ ಬೊಂಬೆಗಳ ಅಂಗಡಿಯೆದುರು ನಿಲ್ಲುತ್ತಾರೆ. ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ, "ಇದು ಚನ್ನಪಟ್ಟಣದ್ದೇ ತಾನೇ?" ಎರಡನೆಯದು, "ಬೆಲೆ ಎಷ್ಟು?" ಪ್ರಿಯ ಓದುಗರೇ, ಈ ಎರಡು ಪ್ರಶ್ನೆಗಳ ನಡುವಿನ ಸಂಬಂಧವನ್ನು ಕುರಿತು ನಿಮ್ಮೊಡನೆ ಕೊಂಚ ಆಲೋಚಿಸಬೇಕೆಂದಿದ್ದೇನೆ. ಬೊಂಬೆಯ ಅಂಗಡಿಯಲ್ಲಿ ಸರಳವಾಗಿ ತೋರುವ ಈ ಮಾತು, ನಮ್ಮ ಮನೆಯ ಪೀಠದ ಮುಂದೆ ಬರುವ ಹೊತ್ತಿಗೆ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಬೊಂಬೆಯ ವಿಷಯದಲ್ಲಿ ಉತ್ತರ ಬೊಂಬೆಯಲ್ಲೇ ಇದೆ. ಹಾಲೆ ಮರದ ಮೃದುವಾದ ತುಂಡನ್ನು ಒಣಗಿಸಿ, ಲೇತ್ ಯಂತ್ರಕ್ಕೆ ಕಟ್ಟಿ, ತಿರುಗುತ್ತಿರುವಾಗಲೇ ಉಳಿಯಿಂದ ಆಕಾರ ಕೊಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ತಿರುಗುವ ಮರದ ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ಕೇದಗೆಯ ಜಾತಿಯ ಎಲೆಯಿಂದ ತಿಕ್ಕಿ ಹೊಳಪು ತರುತ್ತಾರೆ. ಕುಂಚದಿಂದ ಬಳಿದ ಬಣ್ಣವೂ ಅರಗಿನ ಬಣ್ಣವೂ ಅನುಭವಿಯ ಬೆರಳಿಗೆ ಒಂದೇ ಆಗಿ ತೋರುವುದಿಲ್ಲ. 2005-06ನೇ ಸಾಲಿನಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ದೊರೆತ ಭೌಗೋಳಿಕ ಸೂಚ್ಯಂಕದ ಮಾನ್ಯತೆಯು ಈ ಊರನ್ನೂ ಈ ವಿಧಾನವನ್ನೂ ಕಾನೂನಿನ ರಕ್ಷಣೆಗೆ ತಂದಿತು. ನಮ್ಮ ದೇಶದ ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಪ್ರತ್ಯಕ್ಷ ಮತ್ತು ಅನುಮಾನ ಎಂಬ ಎರಡು ಪ್ರಮಾಣಗಳೇ ಬಹುಮಟ್ಟಿಗೆ ಸಾಕು. ಬೆಲೆಯೂ ಹಾಗೆಯೇ: ಮರ, ಅರಗು, ಕೈಯ ದುಡಿಮೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೂ ಇದೇ ನ್ಯಾಯ. ಗೂಡಿನ ಬೆಲೆ ದಿನದಿನದ ಹರಾಜಿನಲ್ಲಿ ಏರಬಹುದು, ಇಳಿಯಬಹುದು. ಕಡೆಗೆ ಆ ಗೂಡು ಎಷ್ಟು ನೂಲು ಬಿಚ್ಚುತ್ತದೆ ಎಂಬುದೇ ಅದರ ಪರೀಕ್ಷೆ. ನೂಲು ಸುಳ್ಳು ಹೇಳುವುದಿಲ್ಲ.

ಆದರೆ ಲೋಕದಲ್ಲಿ ಇನ್ನೊಂದು ಬಗೆಯ ವಸ್ತುಗಳಿವೆ. ಅವುಗಳಿಂದ ಯಾವ ನೂಲೂ ಬಿಚ್ಚುವುದಿಲ್ಲ. ಅಮೆರಿಕದವರಿಗೆ ಬೇಸ್‌ಬಾಲ್ ಎಂದರೆ ನಮಗೆ ಕ್ರಿಕೆಟ್ ಇದ್ದಂತೆ. ಆ ಆಟದ ಮಹಾರಥಿ ಬೇಬ್ ರೂತ್ 1932ರ ಒಂದು ಪಂದ್ಯದಲ್ಲಿ ತೊಟ್ಟಿದ್ದ ಅಂಗಿ 2024ರ ಆಗಸ್ಟ್‌ನಲ್ಲಿ ಎರಡು ಕೋಟಿ ನಲವತ್ತೊಂದು ಲಕ್ಷ ಡಾಲರಿಗೆ, ಅಂದರೆ ಸುಮಾರು 200 ಕೋಟಿ ರೂಪಾಯಿಗೆ ಹರಾಜಾಯಿತು. ಅದೇ ಅಂಗಿ 2005ರಲ್ಲಿ 9.4 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಈ ನಡುವೆ ಬಟ್ಟೆ ಹೊಸದಾಗಲಿಲ್ಲ, ಇನ್ನಷ್ಟು ಹಳತಾಯಿತು. ಬಲಗೊಂಡದ್ದು ಸಾಕ್ಷ್ಯ. ತಜ್ಞರು ಆ ದಿನದ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡು, ಎದೆಯ ಮೇಲಿನ ಅಕ್ಷರಗಳು ಕುಳಿತ ರೀತಿಯನ್ನು ಹೋಲಿಸಿ ನೋಡಿ, ಇದು ಅದೇ ಅಂಗಿಯೆಂದು ದೃಢಪಡಿಸಿದ್ದರು. ಆ ತಂಡದ ಅದೇ ವರ್ಷದ ಬೇರೊಬ್ಬ ಆಟಗಾರನ ಅಂಗಿಯನ್ನು ಪಕ್ಕದಲ್ಲಿಟ್ಟರೆ ಬಟ್ಟೆ ಒಂದೇ, ಹೊಲಿಗೆ ಒಂದೇ. ಹಾಗಾದರೆ 200 ಕೋಟಿ ಎಲ್ಲಿ ಅಡಗಿದೆ?

ಅದು ವಸ್ತುವಿನೊಳಗೆ ಇಲ್ಲ. ಒಬ್ಬ ಮನುಷ್ಯನಿಗೂ ಆ ವಸ್ತುವಿಗೂ ಒಮ್ಮೆ ಉಂಟಾದ ಸ್ಪರ್ಶದಲ್ಲಿದೆ. ಆ ಸ್ಪರ್ಶವನ್ನು ಈಗ ಯಾರೂ ಕಣ್ಣಾರೆ ಕಾಣಲಾರರು. ಆದ್ದರಿಂದ ಇಲ್ಲಿ ನಮಗೆ ಮುಖ್ಯವಾಗಿ ಉಳಿಯುವ ಆಧಾರ ಮೂರನೆಯ ಪ್ರಮಾಣ, ಆಪ್ತವಾಕ್ಯ: ನಂಬಿಕೆಗೆ ಅರ್ಹನಾದವನ ಮಾತು. ಛಾಯಾಚಿತ್ರವೂ ಮಾತನಾಡದ ಒಬ್ಬ ಸಾಕ್ಷಿಯೇ.

ಆಪ್ತವಾಕ್ಯವೇ ಆಧಾರವಾದಲ್ಲಿ ಸುಳ್ಳುಸಾಕ್ಷಿಗೂ ಬಾಗಿಲು ತೆರೆಯುತ್ತದೆ. ಅಮೆರಿಕದ ಎಫ್‌ಬಿಐ ತೊಂಬತ್ತರ ದಶಕದ ಕೊನೆಯಲ್ಲಿ 'ಆಪರೇಷನ್ ಬುಲ್‌ಪೆನ್' ಎಂಬ ಕಾರ್ಯಾಚರಣೆ ನಡೆಸಿ, ಆಟಗಾರರ ಮತ್ತು ಪ್ರಸಿದ್ಧರ ಸಹಿಗಳನ್ನು ನಕಲು ಮಾಡಿ ಮಾರುತ್ತಿದ್ದ ಜಾಲವೊಂದನ್ನು ಭೇದಿಸಿತು. ಸಹಿಯೂ ಖೋಟಾ, ಅದು ಅಸಲಿಯೆಂದು ಸಾರುವ ಪ್ರಮಾಣಪತ್ರವೂ ಖೋಟಾ. ಆ ರಾಶಿಯಲ್ಲಿ ದೊರೆತ ಒಂದು ವಸ್ತುವಿನ ಸುದ್ದಿ ನಮ್ಮನ್ನು ಬೆಚ್ಚಿಬೀಳಿಸುವಂಥದು: ಮದರ್ ತೆರೇಸಾ ಅವರ ಹೆಸರಿನಲ್ಲಿ ಸಹಿ ಮಾಡಿದ ಬೇಸ್‌ಬಾಲ್ ಚೆಂಡು! ಕೋಲ್ಕತ್ತಾದ ಬೀದಿಗಳಲ್ಲಿ ಸಾಯುವವರನ್ನು ಮಡಿಲಿಗೆತ್ತಿಕೊಂಡ ಆ ಕೈ ಚೆಂಡಿನ ಮೇಲೆ ಸಹಿ ಹಾಕುವುದನ್ನು ಊಹಿಸಿಕೊಳ್ಳಲು ಪ್ರಯತ್ನಿಸಿ. ನಗು ಬರುತ್ತದೆ, ಮರುಕ್ಷಣ ನಗು ಬತ್ತುತ್ತದೆ. ಏಕೆಂದರೆ ಕೊಳ್ಳುವವರು ಇದ್ದರೆಂಬ ಭರವಸೆಯಿಂದಲೇ ಅದನ್ನು ತಯಾರಿಸಿದ್ದರು. ನಕಲು ಮಾಡುವವನು ನಮ್ಮ ಹಂಬಲವನ್ನು ನಮಗಿಂತ ಚೆನ್ನಾಗಿ ಅಳೆದಿರುತ್ತಾನೆ.

ಈ ಹಂಬಲವನ್ನು ನಾನು ಹಳಿಯುವುದಿಲ್ಲ. ಪವಿತ್ರ ಗ್ರಂಥವೂ ಹಳಿಯುವುದಿಲ್ಲ. ರಕ್ತಸ್ರಾವದಿಂದ ಬಳಲುತ್ತಿದ್ದ ಸ್ತ್ರೀಯು ಪ್ರಭುವಿನ ಉಡುಪಿನ ಅಂಚನ್ನು ಮುಟ್ಟಿದಳು. ಎಲೀಷನ ಎಲುಬುಗಳಿಗೆ ತಗುಲಿದ ಶವಕ್ಕೆ ಜೀವ ಬಂದಿತೆಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಎಫೆಸದಲ್ಲಿ ಪೌಲರ ಮೈಗೆ ತಾಗಿದ ವಸ್ತ್ರಗಳನ್ನು ಜನರು ರೋಗಿಗಳ ಬಳಿಗೆ ಕೊಂಡೊಯ್ದರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ದೇವರು ಮನುಷ್ಯನಾದರೆಂದು ನಂಬುವ ನಮಗೆ ಜಡವಸ್ತು ತುಚ್ಛವಲ್ಲ. ಆದರೆ ಶಿಲುಬೆಯ ಬುಡದಲ್ಲಿ ನಡೆದುದನ್ನೂ ನೆನೆಯಿರಿ. ಹೊಲಿಗೆಯಿಲ್ಲದೆ ಒಂದೇ ಬಟ್ಟೆಯಾಗಿ ನೇಯ್ದ ಆ ಅಂಗಿಯನ್ನು ಹರಿಯಬಾರದೆಂದು ಸೈನಿಕರು ಚೀಟಿ ಹಾಕಿದರು. ಅವರಿಗೆ ನೇಯ್ಗೆಯ ಬೆಲೆ ಸರಿಯಾಗಿಯೇ ತಿಳಿದಿತ್ತು. ಅದರ ಒಡೆಯನು ತಲೆಯ ಮೇಲೆಯೇ ತೂಗುತ್ತಿದ್ದರೂ ಕತ್ತೆತ್ತಿ ನೋಡಲು ಅವರಿಗೆ ಬಿಡುವಿರಲಿಲ್ಲ.

ಸಂತರ ಪವಿತ್ರ ಅವಶೇಷಗಳ ವ್ಯಾಪಾರವೂ ಇಂದು ನಿನ್ನೆಯದಲ್ಲ. ಐದನೆಯ ಶತಮಾನದ ಆರಂಭದ ಹೊತ್ತಿಗೇ ಸಂತ ಅಗಸ್ಟೀನರು, ಹುತಾತ್ಮರ ಅಂಗಗಳೆಂದು ಹೇಳಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಸನ್ಯಾಸಿ ವೇಷಧಾರಿಗಳನ್ನು ಖಂಡಿಸಿದ್ದರು. ಅವು ನಿಜಕ್ಕೂ ಹುತಾತ್ಮರವೇ ಎಂಬ ಸಂಶಯವನ್ನೂ ಮುಚ್ಚಿಡಲಿಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಅವಶೇಷಗಳನ್ನು ಮಾರಾಟಕ್ಕಿಡಬಾರದೆಂದು ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆಯು, ಧರ್ಮಾಧ್ಯಕ್ಷರು ಪರಿಶೀಲಿಸಿ ಒಪ್ಪದೆ ಹೊಸ ಅವಶೇಷಗಳನ್ನು ಸ್ವೀಕರಿಸಬಾರದೆಂದಿತು. ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ 1190ನೇ ವಿಧಿ ಇನ್ನೂ ಚುಟುಕಾಗಿದೆ: ಅವಶೇಷಗಳ ಮಾರಾಟ ಸಂಪೂರ್ಣವಾಗಿ ನಿಷಿದ್ಧ. 2017ರ ಡಿಸೆಂಬರ್‌ನಲ್ಲಿ ರೋಮಿನಿಂದ ಬಂದ ಸೂಚನೆಗಳು ಅವಶೇಷಗಳ ಅಸಲಿತನ ಮತ್ತು ಸಂರಕ್ಷಣೆಯ ಕ್ರಮವನ್ನು ವಿವರವಾಗಿ ಹೇಳಿವೆ. ಅವಶೇಷದ ಪೆಟ್ಟಿಗೆಯನ್ನು ದಾರದಿಂದ ಬಿಗಿದು, ಅರಗಿನ ಮುದ್ರೆಯೊತ್ತಿ, ಜೊತೆಗೆ ಅಧಿಕೃತ ಪತ್ರ ಕೊಡುವ ರೂಢಿಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. (ಬೊಂಬೆಗೆ ಬಣ್ಣ ಕೊಡುವ ಅರಗೇ ಇಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ.)

ಇಲ್ಲಿ ಒಂದು ವಿಚಿತ್ರವಿದೆ. ಪೇಟೆಯಲ್ಲಿ ಅಸಲಿತನವನ್ನು ಪರೀಕ್ಷಿಸುವುದು ಬೆಲೆ ಕಟ್ಟುವುದಕ್ಕಾಗಿ. ಧರ್ಮಸಭೆಯು ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಿ, ಮುದ್ರೆಯೊತ್ತಿ, ಆಮೇಲೆ 'ಇದಕ್ಕೆ ಬೆಲೆ ಕಟ್ಟಬೇಡಿ' ಎನ್ನುತ್ತದೆ. ಮಾರದ ವಸ್ತುವಿಗೆ ಇಷ್ಟೆಲ್ಲ ಪರೀಕ್ಷೆ ಏಕೆ?

ಕೆಲವರು ನನ್ನೊಡನೆ ವಾದಿಸಿದ್ದಾರೆ: "ಫಾದರ್, ನನ್ನ ಭಕ್ತಿ ನಿಜವಾಗಿದ್ದರೆ ಸಾಲದೇ? ಎಲುಬು ಯಾರದಾದರೇನು?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ತಿಳಿಯದೆ ಖೋಟಾ ಅವಶೇಷದ ಮುಂದೆ ಮೊಣಕಾಲೂರಿದ ತಾಯಿಯ ಮೊರೆಯನ್ನು ದೇವರು ಕೇಳದಿರುವುದಿಲ್ಲ. ಅವರು ಕಾಗದಪತ್ರ ನೋಡಿ ಕೃಪೆ ನೀಡುವವರಲ್ಲ. ಆದರೆ ಭಕ್ತಿಯೆಂಬುದು ನನ್ನೊಳಗಿನ ಬೆಚ್ಚನೆಯ ಭಾವನೆಯಷ್ಟೇ ಆಗಿದ್ದರೆ, ಪ್ರಭು ಯೇಸು ನಜರೇತಿನಲ್ಲಿ ಬೆಳೆದರೋ ಇಲ್ಲವೋ ಎಂಬುದೂ ಮುಖ್ಯವಾಗುತ್ತಿರಲಿಲ್ಲ. ನಮ್ಮ ವಿಶ್ವಾಸ ಬಂದಿರುವುದೇ ಕಂಡವರಿಂದ, ಮುಟ್ಟಿದವರಿಂದ, ಕೈಯಿಂದ ಕೈಗೆ. ಅದೇ ಆಪ್ತವಾಕ್ಯದ ಸರಪಳಿ. ಸಂತರೊಬ್ಬರ ಹೆಸರಿನಲ್ಲಿ ಸುಳ್ಳು ಎಲುಬನ್ನು ತಿಳಿದೂ ಕೊಡುವವನು ಹಣವನ್ನಷ್ಟೇ ಕದಿಯುವುದಿಲ್ಲ; ಆ ಸರಪಳಿಯನ್ನೇ ಕೊಯ್ಯುತ್ತಾನೆ. ಮುಂದೊಮ್ಮೆ ನಿಜ ಹೊರಬಿದ್ದಾಗ ಆ ತಾಯಿಯ ಮೊಮ್ಮಗ ಎಲುಬನ್ನು ಮಾತ್ರವಲ್ಲ, ಅಜ್ಜಿ ಕಲಿಸಿದ ಜಪವನ್ನೂ ಸಂಶಯಿಸುತ್ತಾನೆ. ವಿಚಾರಿಸದೆ ಒಪ್ಪಿಕೊಂಡು ಇನ್ನೊಬ್ಬರಿಗೆ ದಾಟಿಸುವ ನಮ್ಮ ಸೋಮಾರಿತನವೂ ಈ ವಿಷಯದಲ್ಲಿ ನಿರ್ದೋಷಿಯೆಂದು ನನಗನ್ನಿಸುವುದಿಲ್ಲ. ಮೊಬೈಲಿನಲ್ಲಿ ಬಂದ ಪವಾಡದ ಚಿತ್ರಗಳನ್ನು ಹಿಂದುಮುಂದು ನೋಡದೆ ಹತ್ತು ಜನರಿಗೆ ಕಳುಹಿಸುವವರಿಗೂ ಇದು ಅನ್ವಯಿಸುತ್ತದೆ.

ನಮ್ಮ ಯುವಜನರ ಅಚ್ಚುಮೆಚ್ಚಿನ ಕಾರ್ಲೊ ಅಕ್ಯೂಟಿಸ್ ಅವರ ಉದಾಹರಣೆ ಇತ್ತೀಚಿನದು. 2006ರಲ್ಲಿ ಹದಿನೈದರ ಹರೆಯದಲ್ಲಿ ತೀರಿಕೊಂಡ ಈ ಬಾಲಕನನ್ನು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಲಾಯಿತು. ಅದಕ್ಕೆ ಕೆಲವೇ ತಿಂಗಳ ಮುಂಚೆ, ಅವರ ಕೂದಲೆಂದು ಹೇಳಲಾದ ಅವಶೇಷ ಅಂತರ್ಜಾಲದ ಹರಾಜಿನಲ್ಲಿ ಕಾಣಿಸಿಕೊಂಡು, ಕೂಗು ಎರಡು ಸಾವಿರ ಯೂರೋ ದಾಟಿತ್ತು. ಅಸ್ಸಿಸಿಯ ಧರ್ಮಾಧ್ಯಕ್ಷರು ಪೊಲೀಸರಿಗೆ ದೂರಿತ್ತರು. ಅದು ಅಸಲಿಯೋ ನಕಲಿಯೋ ಅವರಿಗೂ ತಿಳಿದಿರಲಿಲ್ಲ. ನಕಲಿಯಾದರೆ ವಂಚನೆ, ಅಸಲಿಯಾದರೆ ಇನ್ನೂ ಘೋರ. ಏಕೆಂದರೆ ಪವಿತ್ರಾತ್ಮರ ವರವನ್ನು ಹಣಕ್ಕೆ ಕೇಳಿದ ಮಾಂತ್ರಿಕ ಸಿಮೋನನ ಪಾಪ ಅದು. ಪೇಟೆಯಲ್ಲಿ ಅಸಲಿಯೆಂದು ಸಾಬೀತಾದರೆ ಮಾರಾಟಗಾರ ಗೆದ್ದಂತೆ. ಇಲ್ಲಿ ಅಸಲಿಯೆಂದು ಸಾಬೀತಾದರೆ ಅವನ ಅಪರಾಧ ಹೆಚ್ಚುತ್ತದೆ.

ಹಾಗಾದರೆ ಕಾಪಾಡುವ ಉದ್ದೇಶದಿಂದ ಕೊಳ್ಳಬಹುದೇ? ಇದು ಕಠಿಣ ಪ್ರಶ್ನೆ. 2009ರ ಮಾರ್ಚ್‌ನಲ್ಲಿ ಗಾಂಧೀಜಿಯವರ ಕನ್ನಡಕ, ಚಪ್ಪಲಿ, ಗಡಿಯಾರ, ಬಟ್ಟಲು, ತಟ್ಟೆ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದಾಗ ದೇಶವೇ ತಳಮಳಿಸಿತು. ಅವುಗಳ ಅಂದಿನ ಒಡೆಯ, ಭಾರತ ಸರ್ಕಾರ ಬಡವರಿಗಾಗಿ ಹೆಚ್ಚು ಖರ್ಚು ಮಾಡಲೊಪ್ಪಿದರೆ ಹರಾಜಿನಿಂದ ಹಿಂಪಡೆಯುವೆನೆಂದ. ಕಡೆಯ ಗಳಿಗೆಯಲ್ಲಿ ಮಾರುವುದೇ ಬೇಡವೆಂದ. ಹರಾಜು ನಿಲ್ಲಲಿಲ್ಲ. ನಮ್ಮ ರಾಜ್ಯದ ಉದ್ಯಮಿ ವಿಜಯ್ ಮಲ್ಯ 18 ಲಕ್ಷ ಡಾಲರಿಗೆ ಕೂಗಿ ಪಡೆದರು. ಜನ ನಿಟ್ಟುಸಿರು ಬಿಟ್ಟರು. ಅವರೇ ಕೆಲವು ವರ್ಷಗಳ ಹಿಂದೆ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗವನ್ನೂ ಕೊಂಡಿದ್ದರು. ಅದು ಅಶುಭವೆಂದು ಬಗೆದು 2016ರಲ್ಲೇ ಬೇರೆಯವರಿಗೆ ಕೊಟ್ಟುಬಿಟ್ಟರೆಂಬ ಮಾತು 2018ರಲ್ಲಿ ಅಲ್ಲಿನ ನ್ಯಾಯಾಲಯದ ಕಲಾಪದಲ್ಲಿ ಹೊರಬಂತು. ಕೊಂಡು ಕಾಪಾಡುವುದು ಕೊಳ್ಳುವವನ ಮನಸ್ಸಿನಷ್ಟೇ ಗಟ್ಟಿ.

ರಾಷ್ಟ್ರದ ಆಸ್ತಿಯ ವಿಷಯದಲ್ಲಿ ಬೇರೆ ದಾರಿಯಿಲ್ಲದಾಗ ಕೊಳ್ಳುವುದನ್ನು ನಾನು ತಪ್ಪೆನ್ನಲಾರೆ. ಸಂತರ ಅವಶೇಷಗಳಲ್ಲಿ ಮಾತ್ರ ನನ್ನ ಅಭಿಪ್ರಾಯ ಬಿಗಿಯಾದದ್ದು. ನೀವು ಸದುದ್ದೇಶದಿಂದ ಕೊಟ್ಟ ಹಣವೇ ಮುಂದಿನ ಕಳ್ಳನಿಗೆ ಮುಂಗಡವಾಗುತ್ತದೆ. ಎಲ್ಲೋ ಒಂದು ದೇವಾಲಯದ ಪೀಠ ಬರಿದಾಗುತ್ತದೆ. ಯಾರಾದರೂ ಅವಶೇಷವನ್ನು ಬೆಲೆಗೆ ತೋರಿಸಿದರೆ ಕೊಳ್ಳಬೇಡಿ, ಧರ್ಮಕೇಂದ್ರದ ಗುರುಗಳಿಗೆ ತಿಳಿಸಿ. ಮನೆಯಲ್ಲಿ ಹಿರಿಯರ ಕಾಲದಿಂದ ಪತ್ರವಿಲ್ಲದ ಅವಶೇಷವಿದ್ದರೆ ಗೌರವದಿಂದ ಇರಿಸಿಕೊಳ್ಳಿ, ಸಾರ್ವಜನಿಕ ಪೂಜೆಗೆ ಮಾತ್ರ ಇಡಬೇಡಿ.

ಇನ್ನು ನಿಮ್ಮ ಮನೆಯ ಮಾತು. ಹಾರೋಬೆಲೆಯಂಥ ಹಳೆಯ ಕ್ರೈಸ್ತ ಊರುಗಳಲ್ಲಾಗಲಿ, ನಗರಕ್ಕೆ ಬಂದು ನೆಲೆಸಿದ ಕುಟುಂಬಗಳಲ್ಲಾಗಲಿ, ಯಾವ ಹರಾಜಿನವನೂ ಕೇಳದ ವಸ್ತುಗಳಿವೆ: ಮಣಿ ಸವೆದ ಜಪಸರ, ಅಂಚು ಹರಿದ ಪ್ರಾರ್ಥನೆಯ ಪುಸ್ತಕ, ಮದುವೆಯ ದಿನ ಕೈಗಿತ್ತ ಮರದ ಶಿಲುಬೆ. ಮನೆ ಪಾಲಾಗುವಾಗ ಹಿತ್ತಾಳೆಯ ಪಾತ್ರೆಯನ್ನು ತೂಗಿ ಹಂಚುತ್ತಾರೆ. ಇವನ್ನು ತೂಗಲು ಬರುವುದಿಲ್ಲವಾದ್ದರಿಂದ ಹಳೆಯ ಸಾಮಾನು ಕೊಳ್ಳುವವನ ಗೋಣಿಗೆ ಸೇರಿಸುತ್ತಾರೆ. ಅವನು ಆ ಸೈನಿಕರಂತೆಯೇ ಮರಕ್ಕೆ ಬೆಲೆ ಕಟ್ಟಬಲ್ಲ, ಕೈಗೆ ಕಟ್ಟಲಾರ. ಅದು ಅಜ್ಜಿಯ ಕೈಯಲ್ಲಿ ನಲವತ್ತು ವರ್ಷ ಸುತ್ತಿದ ಜಪಸರವೆಂದು ಹೇಳಬಲ್ಲವರು ಯಾರು? ಯಾವ ತಜ್ಞನೂ ಅಲ್ಲ. ಅವರ ಹಾಸಿಗೆಯ ಬಳಿ ಕೊನೆಯ ರಾತ್ರಿ ಕುಳಿತಿದ್ದ ಸೊಸೆ, ಅಷ್ಟೇ. ಆಕೆಯ ಮಾತೇ ಆ ವಸ್ತುವಿನ ಅಧಿಕೃತ ಪತ್ರ. ಆಕೆಗೂ ವಯಸ್ಸಾಗುತ್ತಿದೆ. ಈ ವಾರ ಆಕೆಯ ಬಳಿ ಕುಳಿತು ಕೇಳಿ: ಯಾರದು, ಯಾರು ಕೊಟ್ಟದ್ದು, ಯಾವ ವರ್ಷ, ಆಗ ಮನೆಯಲ್ಲಿ ಯಾರಿದ್ದರು. ಆಕೆ ಹೇಳಿದಂತೆಯೇ, ಒಪ್ಪ ಮಾಡದೆ, ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ಆಕೆಯ ಸಹಿ ಪಡೆದು ಜಪಸರದ ಜೊತೆಗೇ ಮಡಿಸಿಡಿ. ಆಕೆಗೆ ನೆನಪಿಲ್ಲದ ಕಡೆ ಖಾಲಿ ಬಿಡಿ.