ಕರಸ್ಥಲದಲ್ಲಿ ಇಸ್ಪೀಟು



ಕಳೆದ ಶ್ರಾವಣದ ಒಂದು ಸಂಜೆ, ನಿವೃತ್ತರಾಗಿರುವ ನಮ್ಮ ಹಿರಿಯ ಉಪಾಧ್ಯಾಯರೊಬ್ಬರನ್ನು ಕಾಣಲು ಹೋಗಿದ್ದೆನು. ಪತ್ನೀವಿಯೋಗವಾಗಿ ಮೂರು ವರ್ಷಗಳಾದುವು, ಮಕ್ಕಳಿರುವುದು ಬೆಂಗಳೂರಿನಲ್ಲಿ. ಅವರು ಎಡ ಅಂಗೈಯನ್ನು ಎದೆಮಟ್ಟಕ್ಕೆತ್ತಿ, ಎವೆಯಿಕ್ಕದೆ ಅದನ್ನೇ ನೋಡುತ್ತ ಕುಳಿತಿದ್ದರು. ಪೂಜಾಸಮಯವೆಂದು ಬಗೆದು ನಾನು ಹೊಸ್ತಿಲಲ್ಲಿಯೇ ನಿಂತೆನು. ಸಮೀಪಿಸಿ ನೋಡಲಾಗಿ ಅಂಗೈಯಲ್ಲಿದ್ದುದು ಮೊಬೈಲು; ಅದರೊಳಗೆ ರಮ್ಮಿಯ ಹದಿಮೂರು ಎಲೆಗಳು!

ನನಗೆ ಸಿಟ್ಟು ಬಂದಿತೆಂಬುದನ್ನು ಮುಚ್ಚಿಡಲಾರೆ. ಇಷ್ಟಲಿಂಗವನ್ನಿರಿಸಿ ದೃಷ್ಟಿಯನ್ನು ನಿಲ್ಲಿಸುವ ಕರಸ್ಥಲವಲ್ಲವೇ ಅದು? ಅವರೋ ನಕ್ಕು, "ಕೂಡ್ರಿ ಮಾಸ್ತರ, ಇದೊಂದು ಆಟ ಮುಗಿಯಲಿ. ಕಲಬುರ್ಗಿಯವರು ಕಾಯುತ್ತಿದ್ದಾರೆ" ಎಂದರು. ಕಲಬುರ್ಗಿಯವರೆಂದರೆ ಅವರ ಬಾಲ್ಯದ ಸಹಪಾಠಿ. ಮೊಣಕಾಲು ಹಿಡಿದು ಈಗ ಮನೆಬಿಟ್ಟು ಹೊರಡಲಾರರು. ಹಣದ ಮಾತೇ ಇಲ್ಲ. ಎಲೆಯಿಳಿಸುವ ನಡುವೆ ಆ ಕಡೆಯಿಂದ ಧ್ವನಿ ಬಂದಿತು: "ಊಟ ಆತೇನು? ಗುಳಿಗೆ ನುಂಗಿದೆಯೋ ಇಲ್ಲವೋ?" ನಾನು ಸುಮ್ಮನೆ ಕುಳಿತೆನು.

ಎಲೆಯಾಟ ನಮ್ಮ ನಾಡಿಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿಯೇ ಅದರ ವಿವರಣೆಯಿದೆ. ದೋಷವಿರುವುದು ಪಣದಲ್ಲಿ. ಮೊಬೈಲಿನಲ್ಲಿ ಹಣವೊಡ್ಡಿ ಆಡುವುದನ್ನು ನಮ್ಮ ರಾಜ್ಯವು 2021ರಲ್ಲಿ ನಿಷೇಧಿಸಿತು. 2022ರಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ನಿಷೇಧ ಶಾಸನವನ್ನೇ ಮಾಡಿತು. ಶಾಸನವು ಪಣವನ್ನು ತಡೆದೀತು, ಹೊತ್ತು ಹೋಗುವುದನ್ನು ತಡೆಯಲಾರದು. ಅರಳಿಕಟ್ಟೆಯ ಆಟ ಕತ್ತಲಾದೊಡನೆ ಮುಗಿಯುತ್ತಿತ್ತು. ಮೊಬೈಲಿಗೆ ಕತ್ತಲೆಂಬುದಿಲ್ಲ. ಗೆಳೆಯರು ದೊರೆಯದಿದ್ದರೆ ಯಂತ್ರವೇ ಎದುರಾಳಿಯಾಗಿ ಕೂಡುತ್ತದೆ. ಅದು ಊಟವಾಯಿತೇ ಎಂದು ಕೇಳುವುದಿಲ್ಲ.

ಮುಪ್ಪಡರಿತೆಂದು ಕಾಯಕಕ್ಕೆ ವಿರಾಮ ಹೇಳಿದವರಲ್ಲ ನಮ್ಮ ಶರಣರು. ಧಾರವಾಡದ ಕಡೆಯ ತಾಯಿಯೊಬ್ಬರು ಪರದೇಶದಲ್ಲಿರುವ ಮೊಮ್ಮಗಳಿಗೆ ಇದೇ ಮೊಬೈಲಿನಲ್ಲಿ ಕಸೂತಿ ಕಲಿಸುತ್ತಾರೆ. ಎಳೆಯೆಣಿಸಿ ಹಾಕಬೇಕು, ಗಂಟು ಬೀಳಬಾರದು, ಗವಂತಿಯ ಹೊಲಿಗೆ ಎರಡು ಮಗ್ಗುಲಲ್ಲೂ ಒಂದೇ ತೆರನಾಗಿ ಕಾಣಬೇಕು. "ಅರಿವೆ ತಿರುಗಿಸವ್ವಾ, ಹಿಂದಿನ ಮಗ್ಗುಲು ನೋಡೋಣು" ಎಂದು ಆಕೆ ನಿತ್ಯ ಹೇಳುವುದನ್ನು ಕೇಳಿದ್ದೇನೆ. ಇದನ್ನು ವಿದ್ಯಾದಾಸೋಹವೆನ್ನಲು ನನಗೆ ಸಂಕೋಚವಿಲ್ಲ.

ಇನ್ನು, ಮುದುಕನು ಸದಾ ಮೊಬೈಲು ಹಿಡಿದಿರುತ್ತಾನೆಂದು ಗೊಣಗುವ ಗೃಹಸ್ಥರನ್ನು ಒಂದು ಮಾತು ಕೇಳಬೇಕಾಗಿದೆ: ತಂದೆಯ ಎದುರು ಚಾಪೆ ಹಾಸಿ, ನೀವು ಒಂದು ಆಟವಾದರೂ ಕುಳಿತಿರುವಿರಾ?

ಆ ದಿನ ದೀಪ ಹಚ್ಚುವ ವೇಳೆಗೆ ಹಿರಿಯರು ಮೊಬೈಲನ್ನು ಗೋಡೆಯ ಗೂಡಿನಲ್ಲಿಟ್ಟು, ಕೈಕಾಲು ತೊಳೆದು, ವಿಭೂತಿ ಧರಿಸಿ ಕುಳಿತರು. ಲಿಂಗವು ಅಂಗೈಗೆ ಬಂದಿತು. ಗೂಡಿನೊಳಗೆ ಮೊಬೈಲು ಎರಡು ಸಲ ಗುಂಯ್‌ಗುಟ್ಟಿತು. ನನ್ನ ಕಣ್ಣು ಅತ್ತ ಹೊರಳಿತು, ಅವರದು ಹೊರಳಲಿಲ್ಲ.