ಜೋಳಿಗೆ ಮತ್ತು ಜಂಗಮವಾಣಿ

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಹೊರಟರು. ಅವರು ಬೇಡಿದ್ದು ಧಾನ್ಯವನ್ನಲ್ಲ, ಹಣವನ್ನಲ್ಲ, ಭಕ್ತರ ದುಶ್ಚಟಗಳನ್ನು. ಕುಡಿತ ತಂಬಾಕುಗಳನ್ನು ಜನರು ತಾವಾಗಿಯೇ ಅದರೊಳಗೆ ಹಾಕಿದರು. ಯಾರ ಕೈಯಿಂದಲೂ ಕಸಿದುಕೊಳ್ಳಲಿಲ್ಲವೆಂಬುದೇ ಅದರ ಮರ್ಮ.

ಇಂದು ಬಾಗಲಕೋಟೆ, ಬಾದಾಮಿ, ಹುನಗುಂದಗಳ ಎಷ್ಟೋ ಮನೆಗಳಲ್ಲಿ ಹದಿಹರೆಯದ ಮಕ್ಕಳ ಕೈಯಿಂದ ಮೊಬೈಲನ್ನು ಕಸಿಯುವುದೇ ನಡೆದಿದೆ. (ಅದಕ್ಕೆ ಜಂಗಮವಾಣಿಯೆಂದು ಹೆಸರಿಟ್ಟವರು ಜಂಗಮ ಶಬ್ದದ ತೂಕವನ್ನು ಎಣಿಸಿದಂತೆ ತೋರದು.) ಈ ಚಟವು ಹಿರಿಯರ ಗೊಣಗಾಟ ಮಾತ್ರವಲ್ಲ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇದಕ್ಕೆಂದು ಚಿಕಿತ್ಸಾಲಯವನ್ನು ತೆರೆಯಿತು. ಆದರೆ ಪ್ರಸಾದಕ್ಕೆ ಕುಳಿತಾಗಲೂ ತನ್ನ ಮೊಬೈಲನ್ನು ಕೆಳಗಿಡದ ತಂದೆಗೆ ಮಗನನ್ನು ತಡೆಯುವ ಅಧಿಕಾರವೆಲ್ಲಿಯದು? ನಡೆಯಿಲ್ಲದ ನುಡಿಯನ್ನು ಶರಣರು ಒಪ್ಪಿದವರಲ್ಲ.

ದಿನವಿಡೀ ಕುಣಿಮಗ್ಗದಲ್ಲಿ ದುಡಿಯುವ ಇಳಕಲ್ಲಿನ ನೇಕಾರನಿಗೆ ಬಿಡುವಿಲ್ಲವೆಂಬುದು ದಿಟ, ಅವನನ್ನು ದೂರಲಾಗದು. ಆದರೂ ಮಾತಿಲ್ಲದ ಮನೆಯ ಮಗುವು ಮಾತನ್ನು ಬೇರೆಡೆ ಅರಸುತ್ತದೆ. ಕಾಯಕ ತೀರಿದ ಮೇಲೆ ಮಕ್ಕಳಿಗೆ ಸಲ್ಲುವ ಒಂದು ಗಳಿಗೆಯೂ ದಾಸೋಹವೇ. ಸಂಜೆಯ ಲಿಂಗಪೂಜೆಗೆ ಮುನ್ನ ಮನೆಯಲ್ಲೊಂದು ಜೋಳಿಗೆಯನ್ನು ತೂಗುಹಾಕಿ, ಹಿರಿಯರೇ ಮೊದಲು ತಮ್ಮ ಮೊಬೈಲನ್ನು ಅದರಲ್ಲಿರಿಸಬೇಕು. ಕಿರಿಯರನ್ನು ಬೇಡುವುದು ಆಮೇಲೆ. ಮದ್ಯದಂತೆ ಇದನ್ನು ಪೂರ್ಣ ತ್ಯಜಿಸುವಂತಿಲ್ಲ. ಶಾಲೆಯ ಪಾಠವೂ ಅದರಲ್ಲಿಯೇ ಬರುವುದರಿಂದ, ಮುಂಜಾನೆ ಜೋಳಿಗೆಯಿಂದ ತೆಗೆದು ಮರಳಿ ಕೊಡಲೇಬೇಕಾಗುತ್ತದೆ.