ನಾಲ್ಕು ಬೈಟ್ ಉಳಿಸಿದ್ದು ಯಾರು, ತೆತ್ತಿದ್ದು ಯಾರು?

2,14,74,83,647. ಡೇಟಾಬೇಸ್ ಜೊತೆ ಏಗುವವರಿಗೆ ಈ ಸಂಖ್ಯೆ ಗೊತ್ತಿರುತ್ತೆ. ಉಳಿದವರಿಗೆ ಎರಡು ಮಾತು. ನೀವು ಆ್ಯಪ್‌ನಲ್ಲಿ ಒಂದು ಆರ್ಡರ್ ಹಾಕಿದರೆ ಅದು ಯಾವುದೋ ಟೇಬಲ್‌ನಲ್ಲಿ ಒಂದು ಸಾಲಾಗಿ ಕೂರುತ್ತೆ. ಪ್ರತಿ ಸಾಲಿಗೂ ಒಂದು ನಂಬರ್, ಅದೇ ಪ್ರೈಮರಿ ಕೀ. ಅದಕ್ಕೆ ಸಾಮಾನ್ಯ ಇಂಟಿಜರ್ ಅಂತ ನಾಲ್ಕು ಬೈಟ್ ಜಾಗ ಕೊಟ್ಟರೆ, ಎಣಿಕೆ ಈ 214 ಕೋಟಿ ಚಿಲ್ಲರೆಗೆ ನಿಂತುಹೋಗುತ್ತೆ. ಎಂಟು ಬೈಟ್ ಕೊಟ್ಟರೆ, ಅಂದರೆ ಬಿಗ್‌ಇಂಟ್ ಮಾಡಿದರೆ, ಸೆಕೆಂಡಿಗೆ ಹತ್ತು ಲಕ್ಷ ಸಾಲು ಸೇರಿಸಿದರೂ ಮುಗಿಯೋಕೆ ಎರಡು ಲಕ್ಷ ವರ್ಷಕ್ಕೂ ಜಾಸ್ತಿ ಬೇಕು.

2018ರ ನವೆಂಬರ್ 8ರಂದು ಅಮೆರಿಕದ ಬೇಸ್‌ಕ್ಯಾಂಪ್‌ಗೆ ಈ ಗೋಡೆ ತಾಗಿತು. ಒಂದು ಟೇಬಲ್‌ನಲ್ಲಿ ನಂಬರ್ ಖಾಲಿ. ಸುಮಾರು ಐದು ಗಂಟೆ ಗ್ರಾಹಕರು ಹಳೆಯದನ್ನು ಓದಬಹುದಿತ್ತು ಅಷ್ಟೇ, ಹೊಸದೇನೂ ಬರೆಯೋಕಾಗಲಿಲ್ಲ. ರೈಲ್ಸ್ ಫ್ರೇಮ್‌ವರ್ಕ್ ಹುಟ್ಟಿದ್ದೇ ಆ ಕಂಪನಿಯಲ್ಲಿ. 2017ರ ರೈಲ್ಸ್ 5.1ರಲ್ಲೇ ಹೊಸ ಟೇಬಲ್‌ಗಳಿಗೆ ಬಿಗ್‌ಇಂಟ್ ಡೀಫಾಲ್ಟ್ ಆಗಿತ್ತು. ಆದರೆ ಹೊಸ ಡೀಫಾಲ್ಟ್ ಬಂತು ಅಂತ ಹಳೇ ಟೇಬಲ್ ತಾನಾಗಿ ಬದಲಾಗಲ್ಲವಲ್ಲ.

"ನಮಗೆಲ್ಲಿ ಅಷ್ಟು ಡೇಟಾ ಬರುತ್ತೆ ಬಿಡಿ" ಅನ್ನೋದು ನ್ಯಾಯವಾದ ವಾದವೇ. ಆದರೆ ಲೆಕ್ಕ ಹಾಕಿ. ಹತ್ತು ಕೋಟಿ ಸಾಲಿಗೆ ನಾಲ್ಕು ಬೈಟ್ ಉಳಿಸಿದರೆ ಸಿಗೋದು 400 ಎಂಬಿ. ಇಂಡೆಕ್ಸ್, ಫಾರಿನ್ ಕೀ ಸೇರಿಸಿದರೆ ಇನ್ನೊಂದಿಷ್ಟು. ಜೊತೆಗೆ ನಂಬರ್ ಖರ್ಚಾಗೋದು ಉಳಿದ ಸಾಲುಗಳಿಗೆ ಮಾತ್ರ ಅಲ್ಲ. ಅಳಿಸಿದ ಸಾಲಿನ ನಂಬರ್, ಅರ್ಧಕ್ಕೆ ರದ್ದಾದ ಟ್ರಾನ್ಸಾಕ್ಷನ್‌ನ ನಂಬರ್ ಸಾಮಾನ್ಯವಾಗಿ ವಾಪಸ್ ಬರಲ್ಲ. ಟೇಬಲ್ ಚಿಕ್ಕದಿದ್ದಾಗ ಕಾಲಂ ಬದಲಾಯಿಸೋದು ಕ್ಷಣದ ಕೆಲಸ. ದೊಡ್ಡದಾದ ಮೇಲೆ, ಪೋಸ್ಟ್‌ಗ್ರೆಸ್ ಆದರೆ, ಇಡೀ ಟೇಬಲ್ಲನ್ನೇ ಬೀಗ ಹಾಕಿಟ್ಟು ಮತ್ತೆ ಬರೆಯುತ್ತೆ.

ನನ್ನನ್ನು ಕಾಡೋದು ಇದರ ಟೆಕ್ನಿಕಲ್ ಭಾಗ ಅಲ್ಲ. ಉಳಿಸಿದವನೂ ತೆತ್ತವನೂ ಬೇರೆ ಬೇರೆ ಅನ್ನೋದು. ನಾವು ಎರಡು ಮೂರು ವರ್ಷಕ್ಕೆ ಕಂಪನಿ ಬದಲಾಯಿಸೋ ಜನ. ಗೋಡೆ ತಾಗುವ ಹೊತ್ತಿಗೆ ಟೇಬಲ್ ಬರೆದವನು ಇನ್ನೆಲ್ಲೋ ಸೀನಿಯರ್ ಆಗಿರ್ತಾನೆ. ರಾತ್ರಿ ಎರಡಕ್ಕೆ ಫೋನ್ ಬರೋದು ಹೋದ ವರ್ಷ ಸೇರಿದ ಹುಡುಗಿಗೆ. ಆರ್ಡರ್ ತಪ್ಪೋದು ಈ ಪದಗಳನ್ನೇ ಕೇಳಿರದ ಅಂಗಡಿಯವರಿಗೆ. ನನ್ನ ಜೇಬಿನದನ್ನು ಹಿಡಿದು ಖರ್ಚು ಮಾಡಿದರೆ ಅದು ಮಿತವ್ಯಯ. ಇನ್ನೊಬ್ಬರ ನಿದ್ದೆಯಲ್ಲಿ ಉಳಿಸಿದರೆ ಅದು ಅವರ ಹೆಸರಲ್ಲಿ ಮಾಡಿದ ಸಾಲ.

ಊರಲ್ಲಿ ತೆಂಗಿನ ಸಸಿ ನೆಡುವಾಗ ನಡುವೆ 25–30 ಅಡಿ ಬಿಡ್ತಾರೆ. ಮೊಳಕಾಲೆತ್ತರದ ಸಸಿಗೆ ಇಷ್ಟು ಜಾಗ ಯಾಕೆ ಅಂತ ಯಾರೂ ಕೇಳಲ್ಲ. ಗರಿ ಹರಡೋದು ಮುಂದೆ, ಆದರೆ ಜಾಗ ಬಿಡಬೇಕಾದದ್ದು ಇವತ್ತು. ಬೆಳೆದ ಮರ ಸರಿಸೋಕಾಗಲ್ಲ.

ಹಾಗಂತ ನಾಳೆಗೆ ಬೇಕಾದದ್ದೆಲ್ಲ ಇವತ್ತೇ ಕಟ್ಟಬೇಕು ಅಂತಲ್ಲ. ಹತ್ತು ಜನ ಬಳಸುವ ಆ್ಯಪನ್ನು ಇಪ್ಪತ್ತು ಮೈಕ್ರೋಸರ್ವಿಸ್ ಮಾಡಿ ಬಿಟ್ಟುಹೋಗೋದೂ ಮುಂದಿನವರ ಮೇಲೆ ಹೊರೆ ಹೊರಿಸಿದಂತೆಯೇ. ಹಾಗಾಗಿ ನಾನು ಮೂರು ಪ್ರಶ್ನೆ ಕೇಳ್ಕೋತೀನಿ: ಇವತ್ತು ಇದಕ್ಕೆ ಎಷ್ಟು ಖರ್ಚು? ಮುಂದೆ ಬದಲಾಯಿಸೋದು ಎಷ್ಟು ಕಷ್ಟ? ಆ ಕಷ್ಟ ಯಾರದ್ದು? ಖರ್ಚು ಕಮ್ಮಿ, ಕಷ್ಟ ಜಾಸ್ತಿ, ಅದೂ ಬೇರೆಯವರದ್ದು ಅಂತಾದರೆ ಹೆಚ್ಚು ಯೋಚಿಸೋದೇನಿಲ್ಲ, ಜಾಗ ಬಿಡಬೇಕು. ಬಿಗ್‌ಇಂಟ್ ಈ ಪರೀಕ್ಷೆ ಪಾಸಾಗುತ್ತೆ, ಇಪ್ಪತ್ತು ಮೈಕ್ರೋಸರ್ವಿಸ್ ಆಗಲ್ಲ.

ಇದಕ್ಕೆ ಅಪ್ರೈಸಲ್‌ನಲ್ಲಿ ಮಾರ್ಕ್ಸ್ ಇಲ್ಲ. ನಡೆಯದೇ ಹೋದ ಅನಾಹುತವನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಆದರೂ ಸೋಮವಾರ ಆಫೀಸಿಗೆ ಹೋದಾಗ ನಿಮ್ಮ ಅತಿ ದೊಡ್ಡ ಟೇಬಲ್‌ನ ಕೊನೇ ನಂಬರ್ ಎಷ್ಟಕ್ಕೆ ಬಂದಿದೆ ಅಂತ ಒಮ್ಮೆ ನೋಡಿ. ನೂರು ಕೋಟಿ ದಾಟಿದ್ದರೆ, ನೀವು ಕೆಲಸ ಬಿಡೋಕೆ ಮುಂಚೆ ಯಾರಿಗಾದರೂ ಹೇಳಿ.